ಹೊಳೆ ಏರುವಾಗ ಊರು ಏನು ಮಾಡಬೇಕು: ತುಂಗಭದ್ರೆ ದಂಡೆಯ ಹಳ್ಳಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹರಿಹರದಲ್ಲಿ ಬಿಸಿಲು ಕಾಯುತ್ತಿರುತ್ತದೆ. ಹೊಳೆ ಮಾತ್ರ ಕೆಂಪಗೆ, ದಂಡೆ ತುಂಬಿ ಹರಿಯುತ್ತಿರುತ್ತದೆ. ಹೊರಗಿನವರಿಗೆ ಇದು ಆಶ್ಚರ್ಯ. ನಮಗೆ ಗೊತ್ತಿರುವ ವಿಷಯವೇ. ನಮ್ಮ ಕಡೆಯ ನೆರೆ ಬಹುಪಾಲು ಬರುವುದು ಮಲೆನಾಡಿನ ಮಳೆಯಿಂದ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಸುರಿದದ್ದು ತುಂಗೆಯಲ್ಲಿ ಇಳಿಯುತ್ತದೆ. ಭದ್ರೆಯ ನೀರು ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ತುಂಬಿದ ಮೇಲೆ ಗೇಟು ದಾಟಿ ಬರುತ್ತದೆ. ಕೂಡ್ಲಿಯಲ್ಲಿ ಎರಡೂ ಸೇರಿ, ಹೊನ್ನಾಳಿ ದಾಟಿ, ಹರಿಹರಕ್ಕೆ ಬರುತ್ತವೆ.

ನೀರು ಅಷ್ಟು ದೂರದಿಂದ ಬರುವುದರಿಂದ ನಮಗೆ ಒಂದು ಅನುಕೂಲವಿದೆ. ಹೊಳೆ ನಮಗೆ ಕೆಲವು ಗಂಟೆ ಸಮಯ ಕೊಡುತ್ತದೆ. ಗುಡ್ಡ ಕುಸಿದಾಗ ಆ ಸಮಯ ಸಿಗುವುದಿಲ್ಲ, ಭೂಕಂಪದಲ್ಲೂ ಇಲ್ಲ. ಆದರೆ ಆ ಗಂಟೆಗಳನ್ನು ನಾವು ಸೇತುವೆ ಮೇಲೆ ನಿಂತು ನೀರು ನೋಡುವುದರಲ್ಲಿ, ಫೋಟೋ ತೆಗೆಯುವುದರಲ್ಲಿ ಕಳೆದುಬಿಡುತ್ತೇವೆ. ಹೊಸ್ತಿಲಿಗೆ ನೀರು ಬಂದಾಗ ಓಡಾಟ ಶುರುವಾಗುತ್ತದೆ. ಈ ಬರಹ ಆ ಗಂಟೆಗಳನ್ನು ಹೇಗೆ ಬಳಸಬೇಕು ಎನ್ನುವುದರ ಬಗ್ಗೆ. ಗ್ರಾಮ ಪಂಚಾಯಿತಿ ಸದಸ್ಯರು, ಯುವಕ ಸಂಘದವರು, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರು, ಯಾರು ಬೇಕಾದರೂ ಇದನ್ನು ಕೈಗೆತ್ತಿಕೊಳ್ಳಬಹುದು.

ಹೆಜ್ಜೆ 1: ಮೇ ತಿಂಗಳಲ್ಲೇ ತಂಡ, ಪಟ್ಟಿ, ಗೆರೆ

ಹತ್ತು ಜನರ ತಂಡ ಸಾಕು. ಒಬ್ಬರು ಮುಖ್ಯಸ್ಥರು. ಅವರು ಊರಲ್ಲಿ ಇಲ್ಲದಿದ್ದರೆ ಯಾರು ಅನ್ನುವುದನ್ನೂ ಆಗಲೇ ತೀರ್ಮಾನಿಸಿ. ಹೊಳೆ ನೋಡಲು ಇಬ್ಬರು, ಟ್ರ್ಯಾಕ್ಟರ್ ವ್ಯವಸ್ಥೆಗೆ ಇಬ್ಬರು, ಮನೆಮನೆಗೆ ಹೋಗಲು ಮೂವರು, ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರ ನೋಡಿಕೊಳ್ಳಲು ಇಬ್ಬರು. ಮನೆಮನೆಗೆ ಹೋಗುವವರಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಒಳಮನೆಯಲ್ಲಿ ಬಾಣಂತಿ ಇದ್ದಾಳೋ, ಹಾಸಿಗೆ ಹಿಡಿದ ಅಜ್ಜಿ ಇದ್ದಾರೋ ಅನ್ನುವುದು ಅವರಿಗೇ ಬೇಗ ತಿಳಿಯುತ್ತದೆ.

ಆಮೇಲೆ ಪಟ್ಟಿ. ತಗ್ಗಿನ ಪ್ರತಿ ಮನೆಯಲ್ಲಿ ಎಷ್ಟು ಜನ, ಯಾರಿಗೆ ನಡೆಯಲಾಗದು, ಯಾರಿಗೆ ಇನ್ಸುಲಿನ್ ಅಥವಾ ಬಿಪಿ ಮಾತ್ರೆ ಬೇಕು, ಯಾರಿಗೆ ಹೆರಿಗೆ ದಿನ ಹತ್ತಿರ, ಎಷ್ಟು ದನ, ಎಷ್ಟು ಕುರಿ. ಆಶಾ ಕಾರ್ಯಕರ್ತೆಯ ಹತ್ತಿರ ಗರ್ಭಿಣಿಯರ ವಿವರ ಈಗಾಗಲೇ ಇರುತ್ತದೆ. ಪಟ್ಟಿಯನ್ನು ಫೋನಿನಲ್ಲಿ ಮಾತ್ರ ಇಡಬೇಡಿ, ಹಾಳೆಯ ಮೇಲೂ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಕರೆಂಟು ಹೋದ ಎರಡನೇ ದಿನ ಎಲ್ಲರ ಫೋನೂ ಸತ್ತಿರುತ್ತದೆ.

ಇನ್ನು ಗೆರೆ. ಸ್ನಾನಘಟ್ಟದ ಮೆಟ್ಟಿಲು, ಸೇತುವೆಯ ಕಂಬ, ದೇವಸ್ಥಾನದ ಗೋಡೆ, ಎಲ್ಲಾದರೂ ದೂರದಿಂದ ಕಾಣುವ ಜಾಗದಲ್ಲಿ ಅಡಿ ಲೆಕ್ಕದ ಗುರುತು ಬರೆಸಿ. ಅದರ ಮೇಲೆ ಎರಡು ಗೆರೆ. ಹಳದಿ ಗೆರೆಗೆ ನೀರು ಬಂದರೆ ತಂಡ ಸೇರಬೇಕು. ಕೆಂಪು ಗೆರೆ ಅಂದರೆ ತಗ್ಗಿನ ಮೊದಲ ಮನೆಗೆ ನೀರು ನುಗ್ಗುವ ಮಟ್ಟ. ಈ ಎರಡನ್ನೂ ಹೇಗೆ ಕಂಡುಹಿಡಿಯುವುದು? ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ಕೇಳಿ. 2019ರ ಆಗಸ್ಟ್‌ನ ನೀರು ಎಲ್ಲಿವರೆಗೆ ಬಂದಿತ್ತು ಅಂತ ಬೆರಳಿಟ್ಟು ತೋರಿಸುವವರು ಎಲ್ಲ ಊರಲ್ಲೂ ಇದ್ದಾರೆ.

ಹೆಜ್ಜೆ 2: ಮೇಲಿನ ನೀರಿನ ಲೆಕ್ಕ ತಿಳಿದುಕೊಳ್ಳಿ

ಜಲಾಶಯದ ಸುದ್ದಿಯನ್ನು ಎಲ್ಲರೂ ಓದುತ್ತೇವೆ. ಆದರೆ ಆ ಅಂಕಿ ನಮ್ಮ ಮನೆಗೆ ಏನು ಹೇಳುತ್ತಿದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಭದ್ರಾ ಜಲಾಶಯ ಸುಮಾರು 71.5 ಟಿಎಂಸಿ ಹಿಡಿಯುತ್ತದೆ. ಗಾಜನೂರಿನ ತುಂಗಾ ಜಲಾಶಯ ಹಿಡಿಯುವುದು 3.24 ಟಿಎಂಸಿ ಅಷ್ಟೇ. ಈಗ ಲೆಕ್ಕ ಹಾಕಿ. ತುಂಗೆಗೆ 70,000 ಕ್ಯೂಸೆಕ್ ಒಳಹರಿವು ಇದ್ದರೆ ದಿನಕ್ಕೆ ಆರು ಟಿಎಂಸಿ. ಗಾಜನೂರು ಪೂರ್ತಿ ಖಾಲಿ ಇದ್ದರೂ ಸುಮಾರು ಅರ್ಧ ದಿನದಲ್ಲಿ ತುಂಬುತ್ತದೆ. ಮಳೆಗಾಲದಲ್ಲಿ ಅದು ಹೇಗೂ ತುಂಬಿಯೇ ಇರುತ್ತದೆ. ಅಂದರೆ ತುಂಗೆಯ ನೀರನ್ನು ತಡೆದು ನಿಲ್ಲಿಸುವ ಜಾಗವೇ ಮೇಲೆ ಇಲ್ಲ. ಬಂದದ್ದು ಬಂದಹಾಗೆ ನಮ್ಮ ಕಡೆ ಬರುತ್ತದೆ.

ಭದ್ರೆಯ ಕಥೆ ಬೇರೆ. ಅದರ ಪೂರ್ಣ ಮಟ್ಟ 186 ಅಡಿ. ಅದು ತುಂಬುವವರೆಗೆ ನಮಗೆ ದೊಡ್ಡ ರಕ್ಷಣೆ. ಜುಲೈ, ಆಗಸ್ಟ್‌ನಲ್ಲಿ ಮಟ್ಟ 186ರ ಹತ್ತಿರ ಬಂದಿದ್ದು, ಅದೇ ಹೊತ್ತಿಗೆ ಮಲೆನಾಡಿನಲ್ಲಿ ಬಿಡದೆ ಸುರಿಯುತ್ತಿದ್ದರೆ ಎಚ್ಚರವಾಗಿರಿ. ಎರಡೂ ಹೊಳೆಯ ನೀರು ಒಟ್ಟಿಗೆ ಬರುವುದು ಆಗಲೇ.

ಗಾಜನೂರಿನಿಂದ ಬಿಟ್ಟ ನೀರು ನಿಮ್ಮ ಊರಿಗೆ ಬರಲು ಎಷ್ಟು ಗಂಟೆ ಬೇಕು? ಇದನ್ನು ನೀವೇ ಅಳೆಯಬೇಕು. ಹೊರಹರಿವು ಜಾಸ್ತಿ ಮಾಡಿದ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮ್ಮ ಗೆರೆಯಲ್ಲಿ ನೀರು ಏರಿದ ಸಮಯವನ್ನು ಪಕ್ಕದಲ್ಲಿ ಬರೆಯಿರಿ. ಒಂದೇ ಮಳೆಗಾಲದಲ್ಲಿ ನಾಲ್ಕೈದು ಸಲ ಬರೆದರೆ ಅಂದಾಜು ಸಿಕ್ಕಿಬಿಡುತ್ತದೆ. ಹೊನ್ನಾಳಿಯ ಗಂಟೆ ಬೇರೆ, ಹರಿಹರದ ಗಂಟೆ ಬೇರೆ, ಉಕ್ಕಡಗಾತ್ರಿಯ ಗಂಟೆ ಬೇರೆ. ಹೊನ್ನಾಳಿ ಕಡೆ ಗೆಳೆಯರು, ನೆಂಟರು ಇದ್ದರೆ ಅವರ ನಂಬರ್ ಪಟ್ಟಿಯಲ್ಲಿ ಇರಲಿ. ಮೇಲಿನ ಊರಿನವರ ಒಂದು ಫೋನು ಕೆಳಗಿನ ಊರಿಗೆ ದೊಡ್ಡ ಉಪಕಾರ.

ಮಳೆಯ ಮಾಹಿತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ. ಜಿಲ್ಲಾ ನಿಯಂತ್ರಣ ಕೊಠಡಿ 1077. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಅಗ್ನಿಶಾಮಕಕ್ಕೆ 101, ಕರೆಂಟಿನ ಬೆಸ್ಕಾಂಗೆ 1912, ದನಕರುಗಳಿಗೆ 1962. ಇವನ್ನು ಶಾಲೆ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಚಿತ್ರದುರ್ಗ ಜಿಲ್ಲೆಯವರಿಗೆ ಒಂದು ಮಾತು. ವೇದಾವತಿ ಹೊಳೆಯ ವಾಣಿ ವಿಲಾಸ ಸಾಗರ ಜಲಾಶಯ 130 ಅಡಿ ದಾಟಿದರೆ ನೀರು ತಾನಾಗಿ ಕೋಡಿ ಹರಿಯುತ್ತದೆ. 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. 89 ವರ್ಷ ಕೋಡಿ ನೀರು ಕಾಣದ ವೇದಾವತಿ ಪಾತ್ರದಲ್ಲಿ ನೀರು ಎಲ್ಲಿ ನುಗ್ಗುತ್ತದೆ ಅಂತ ಹೇಳುವ ಹಿರಿಯರೇ ಉಳಿದಿರಲಿಲ್ಲ. ಹಿರಿಯೂರು ಕಡೆಯ ಹಳ್ಳಿಗಳು 2022ರ ನೀರಿನ ಗುರುತನ್ನೇ ತಮ್ಮ ಕೆಂಪು ಗೆರೆ ಮಾಡಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 3: ಹಳದಿ ಗೆರೆ ಮುಟ್ಟಿತು, ಈಗ ಲೆಕ್ಕ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಗಂಟೆಗೊಮ್ಮೆ ನೀರು ಅಳೆದು ಬರೆಯಿರಿ. ಎಷ್ಟು ಎತ್ತರ ಇದೆ ಅನ್ನುವುದಕ್ಕಿಂತ ಗಂಟೆಗೆ ಎಷ್ಟು ಏರುತ್ತಿದೆ ಅನ್ನುವುದು ಮುಖ್ಯ.

ಒಂದು ಉದಾಹರಣೆ. ಕೆಂಪು ಗೆರೆಗೆ ಇನ್ನೂ ನಾಲ್ಕು ಅಡಿ ಬಾಕಿ ಇದೆ. ನೀರು ಗಂಟೆಗೆ ಆರು ಇಂಚು ಏರುತ್ತಿದೆ. ನಿಮ್ಮ ಕೈಯಲ್ಲಿ ಎಂಟು ಗಂಟೆ ಇದೆ. ಸಾಕಷ್ಟು ಸಮಯ ಇದೆ ಅನ್ನಿಸುತ್ತದೆ, ಅಲ್ವಾ? ಈಗ ಸಾಗಣೆ ಲೆಕ್ಕ ನೋಡಿ. ತಗ್ಗಿನಲ್ಲಿ 60 ಮನೆ. ಒಂದು ಟ್ರ್ಯಾಕ್ಟರ್ ಟ್ರಿಪ್ಪಿಗೆ ನಾಲ್ಕು ಮನೆಯ ಜನ ಮತ್ತು ಸಾಮಾನು. ಹತ್ತಿಸಿ, ಹೋಗಿ, ಇಳಿಸಿ, ವಾಪಸ್ ಬರಲು 40 ನಿಮಿಷ. ಹದಿನೈದು ಟ್ರಿಪ್, ಅಂದರೆ ಹತ್ತು ಗಂಟೆ. ಇರುವುದು ಎಂಟೇ ಗಂಟೆ. ಒಂದೇ ಟ್ರ್ಯಾಕ್ಟರ್ ಇದ್ದರೆ ನೀವು ಆಗಲೇ ತಡ ಮಾಡಿದ್ದೀರಿ. ಎರಡು ಇದ್ದರೆ ಸುಮಾರು ಐದು ಗಂಟೆಯಲ್ಲಿ ಮುಗಿಯುತ್ತದೆ, ಹೆಚ್ಚುಕಡಿಮೆ ಮೂರು ಗಂಟೆ ಕೈಯಲ್ಲಿ ಉಳಿಯುತ್ತದೆ. ಆ ಮೂರು ಗಂಟೆ ಬೇಕೇ ಬೇಕು. ಟ್ರ್ಯಾಕ್ಟರ್ ಕೆಸರಲ್ಲಿ ಹೂತುಕೊಳ್ಳುತ್ತದೆ, ಯಾರೋ ಬರಲ್ಲ ಅಂತ ಕೂರುತ್ತಾರೆ, ನೀರು ದಿಢೀರನೆ ಗಂಟೆಗೆ ಒಂದು ಅಡಿ ಏರಲು ಶುರುವಾಗುತ್ತದೆ.

ಈ ಲೆಕ್ಕವನ್ನು ನಿಮ್ಮ ಊರಿನ ಮನೆ, ನಿಮ್ಮ ಊರಿನ ಟ್ರ್ಯಾಕ್ಟರ್ ಇಟ್ಟುಕೊಂಡು ಮೇ ತಿಂಗಳಲ್ಲೇ ಮಾಡಿ ಇಟ್ಟುಕೊಳ್ಳಿ. ಎಷ್ಟು ಗಂಟೆ ಬೇಕೋ ಅದರ ಒಂದೂವರೆ ಪಟ್ಟು ಸಮಯ ಉಳಿದಿರುವಾಗಲೇ ಜನರನ್ನು ಸಾಗಿಸಲು ಶುರುಮಾಡಿ.

ಇನ್ನೊಂದು ನಿಯಮ. ನೀರು ರಾತ್ರಿ ಬರುತ್ತದೆ ಅಂತ ಲೆಕ್ಕ ಹೇಳಿದರೆ, ಹೊತ್ತು ಮುಳುಗುವ ಮೊದಲೇ ಊರು ಖಾಲಿ ಆಗಿರಬೇಕು. ಕತ್ತಲಲ್ಲಿ ನೀರಿನ ಆಳ ಕಾಣುವುದಿಲ್ಲ, ಸೆಳೆತ ಕಾಣುವುದಿಲ್ಲ, ಹಾವು ಕಾಣುವುದಿಲ್ಲ. "ಬೆಳಗ್ಗೆ ನೋಡೋಣ" ಅನ್ನುವ ಮಾತಿಗೆ ಒಪ್ಪಲೇಬೇಡಿ. ನೀರು ಬರದೇ ಹೋದರೆ ಒಂದು ರಾತ್ರಿ ಶಾಲೆಯಲ್ಲಿ ಮಲಗಿದಂತೆ ಆಯಿತು, ಅಷ್ಟೇ.

ತಹಶೀಲ್ದಾರ್ ಕಚೇರಿ, ಪಿಡಿಒ, ಗ್ರಾಮ ಆಡಳಿತಾಧಿಕಾರಿ ಮೂವರಿಗೂ ಈ ಹಂತದಲ್ಲೇ ತಿಳಿಸಿ. ದೋಣಿ, ಅಗ್ನಿಶಾಮಕ ಸಿಬ್ಬಂದಿ ಬೇಕಾದರೆ ಅವರು ಬರಲೂ ಸಮಯ ಬೇಕು. ಫೋನ್ ಮಾಡಿದಾಗ ಊರಿನ ಹೆಸರು, ಎಷ್ಟು ಮನೆ, ಗಂಟೆಗೆ ಎಷ್ಟು ಏರಿಕೆ, ಯಾವ ರಸ್ತೆ ಇನ್ನೂ ಮುಳುಗಿಲ್ಲ, ಇಷ್ಟನ್ನು ಹೇಳಿ. "ಸಾರ್, ನೀರು ತುಂಬಾ ಬಂದಿದೆ" ಅಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ.

ರಸ್ತೆ ವಿಷಯ ಮರೆಯಬೇಡಿ. ಹೊಳೆ ಏರಿದಾಗಲೆಲ್ಲ ಉಕ್ಕಡಗಾತ್ರಿ–ಫತ್ತೇಪುರ ರಸ್ತೆ, ಸಾರಥಿ–ಚಿಕ್ಕಬಿದರೆ ಸೇತುವೆ ಮುಳುಗುವುದನ್ನು ನೋಡುತ್ತಲೇ ಇದ್ದೇವೆ. ಎಷ್ಟೋ ಕಡೆ ಊರಿಗಿಂತ ಮೊದಲು ರಸ್ತೆಗೆ ನೀರು ಬರುತ್ತದೆ. ನಿಮ್ಮದು ಅಂಥ ಊರಾದರೆ ಕೆಂಪು ಗೆರೆಯನ್ನು ಮನೆಯ ಮಟ್ಟಕ್ಕೆ ಇಡಬೇಡಿ, ರಸ್ತೆ ಮುಳುಗುವ ಮಟ್ಟಕ್ಕೆ ಇಡಿ.

ಹೆಜ್ಜೆ 4: ಜನರನ್ನು ಹೊರಡಿಸುವುದು

ಆಟೋಗೆ ಮೈಕ್ ಕಟ್ಟಿ ಸಾರಿಸಿ, ದೇವಸ್ಥಾನ, ಮಸೀದಿಗಳ ಮೈಕಿನಲ್ಲೂ ಹೇಳಿಸಿ. ಆದರೆ ಮೈಕ್ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಪಟ್ಟಿ ಹಿಡಿದು ಪ್ರತಿ ಬಾಗಿಲು ತಟ್ಟಿ. ಖಾಲಿಯಾದ ಮನೆ ಬಾಗಿಲಿಗೆ ಸುಣ್ಣದಲ್ಲಿ ಗುರುತು ಹಾಕಿ. ಇದರಿಂದ ಎರಡನೇ ಸಲ ಅದೇ ಮನೆ ಹುಡುಕುವುದು ತಪ್ಪುತ್ತದೆ.

ಮೊದಲ ಟ್ರಿಪ್ಪಿನಲ್ಲಿ ನಡೆಯಲಾಗದವರು, ಹಸುಗೂಸು, ಬಾಣಂತಿಯರು. ಹೆರಿಗೆ ದಿನ ಹತ್ತಿರ ಇರುವವರನ್ನು ಶಾಲೆಗೆ ಕರೆದೊಯ್ಯಬೇಡಿ, ನೇರವಾಗಿ ತಾಲ್ಲೂಕು ಆಸ್ಪತ್ರೆ ಇರುವ ಊರಿಗೆ ಕಳಿಸಿ. ತಾಯಿ ಕಾರ್ಡ್ ಜೊತೆಯಲ್ಲಿರಲಿ.

ಬರಲು ಒಪ್ಪದವರು ಇದ್ದೇ ಇರುತ್ತಾರೆ. ಅವರನ್ನು ಬೈಯಬೇಡಿ. ಹೆದರಿಕೆ ಅವರಿಗೂ ಇದೆ, ಆದರೆ ಅದಕ್ಕಿಂತ ದೊಡ್ಡದು ಯಾವುದೋ ಅವರನ್ನು ಹಿಡಿದಿರುತ್ತದೆ. ಹೆಚ್ಚು ಸಲ ಅದು ದನ. ನಮ್ಮ ಬೀದಿಯ ಒಬ್ಬ ಅಜ್ಜಿ ಮೂರು ಸಲ ಕರೆದರೂ ಬರಲಿಲ್ಲ. ಕೊನೆಗೆ ಒಬ್ಬ ಹುಡುಗ, "ಅಜ್ಜಿ, ಮೊದಲು ನಿಮ್ಮ ಎಮ್ಮೆ ಹೊಡಕೊಂಡು ಹೋಗ್ತೀನಿ, ನೀವು ಹಿಂದೆ ಬರ್ರಿ" ಅಂದ. ಅಜ್ಜಿ ತಾವೇ ಹಗ್ಗ ಬಿಚ್ಚಿ ಕೊಟ್ಟರು. ಅದಕ್ಕೇ ದನ ಕಟ್ಟಲು ಎತ್ತರದ ಜಾಗ, ಅಲ್ಲಿ ಮೇವು, ಕಾಯಲು ಇಬ್ಬರು ಆಳು, ಇವು ಮೊದಲೇ ಗೊತ್ತಾಗಿರಬೇಕು. ದನಕ್ಕೆ ಜಾಗ ಇದ್ದರೆ ಜನ ಬರುತ್ತಾರೆ. ಸಾಗಿಸಲು ಆಗದೇ ಹೋದರೆ ಕಟ್ಟು ಬಿಚ್ಚಿಬಿಡಿ. ಬಿಚ್ಚಿದ ದನ ಈಜಿಯಾದರೂ ದಡ ಸೇರಬಹುದು, ಕಟ್ಟಿದ ದನಕ್ಕೆ ಬೇರೆ ದಾರಿಯೇ ಇಲ್ಲ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಿ.

ಪ್ರತಿ ಮನೆಯವರು ಒಂದು ಚೀಲ ತರಬೇಕು. ಆಧಾರ್, ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ. ಒಂದು ವಾರದ ಮಾತ್ರೆ, ಬ್ಯಾಟರಿ, ಎರಡು ಜೊತೆ ಬಟ್ಟೆ, ನೀರಿನ ಬಾಟಲಿ. ತಿನ್ನಲು ನಮ್ಮ ಮಂಡಕ್ಕಿಗಿಂತ ಒಳ್ಳೆಯದು ಯಾವುದಿದೆ? ಹಗುರ, ಬೇಯಿಸುವ ಕೆಲಸ ಇಲ್ಲ, ಮಕ್ಕಳೂ ತಿನ್ನುತ್ತವೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಎರಡು ದಿನ ನಿಶ್ಚಿಂತೆ.

ಮನೆ ಬಿಡುವಾಗ ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿ. ಔಷಧಿ ಡಬ್ಬ, ಗೊಬ್ಬರ, ಬೀಜದ ಚೀಲ ಅಟ್ಟದ ಮೇಲೆ ಹಾಕಿ. ಕ್ರಿಮಿನಾಶಕ ನೀರಿಗೆ ಸೇರಿದರೆ ಇಡೀ ಊರಿಗೆ ತೊಂದರೆ.

ಹೊಳೆದಂಡೆಯ ಮೋಟಾರ್

ಇದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಕಡೆ ದಂಡೆಯುದ್ದಕ್ಕೂ ರೈತರ ಪಂಪ್‌ಸೆಟ್‌ಗಳಿವೆ. ನೀರು ಏರಿದಾಗ ರೈತನ ಮನಸ್ಸು ಮೊದಲು ಓಡುವುದು ಅಲ್ಲಿಗೇ. ಸಾಲ ಮಾಡಿ ತಂದ ಮೋಟಾರ್ ಅದು. ಆದರೆ ಒದ್ದೆ ನೆಲ, ಜೋತುಬಿದ್ದ ವೈರು, ಸ್ಟಾರ್ಟರ್ ಡಬ್ಬಿ, ಕೆಳಗೆ ಸೆಳೆತ. ಇಷ್ಟೂ ಒಂದೇ ಕಡೆ ಇರುವ ಜಾಗ ಅದು. ಹಳದಿ ಗೆರೆಗೆ ಮುಂಚೆಯೇ, ಹಗಲಲ್ಲಿ, ಲೈನ್‌ಮ್ಯಾನ್‌ಗೆ ಹೇಳಿ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಲೈನ್ ತೆಗೆಸಿ, ನಾಲ್ಕು ಜನ ಸೇರಿ ಮೋಟಾರ್ ಮೇಲೆ ತನ್ನಿ. ನೀರು ಮುಟ್ಟಿದ ಮೇಲೆ ಯಾರೂ ಹೋಗಬಾರದು. ಒಬ್ಬರು ಹೋಗುತ್ತೇನೆ ಅಂದರೆ ತಂಡದವರು ಕೈಹಿಡಿದು ನಿಲ್ಲಿಸಿ. ಮೋಟಾರಿಗೆ ಮತ್ತೊಂದು ಮೋಟಾರ್ ಬರುತ್ತದೆ.

ಹೆಜ್ಜೆ 5: ಯಾರಾದರೂ ಸಿಕ್ಕಿಹಾಕಿಕೊಂಡರೆ

ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ಕಿತ್ತುಬಿಡಬಹುದು. ಒಂದು ಅಡಿ ನೀರಿನಲ್ಲಿ ಚಿಕ್ಕ ಕಾರು ತೇಲುತ್ತದೆ. ಎರಡು ಅಡಿಯಲ್ಲಿ ಬಹುತೇಕ ವಾಹನಗಳು ಕೊಚ್ಚಿಹೋಗುತ್ತವೆ. ಮುಳುಗಿದ ಸೇತುವೆ ಮೇಲೆ ಬೈಕ್ ಓಡಿಸುವುದನ್ನು ತಡೆಯಲು ಎರಡೂ ಕಡೆ ಜನ ನಿಲ್ಲಿಸಿ, ಅಡ್ಡ ಮರ ಹಾಕಿ.

ನೀರಿಗೆ ಬಿದ್ದವರಿಗೆ ಮೊದಲು ದಡದಿಂದಲೇ ಉದ್ದನೆಯ ಬಿದಿರು ಗಳ ಚಾಚಿ. ಅದು ಎಟುಕದಿದ್ದರೆ ಹಗ್ಗ ಎಸೆಯಿರಿ. ಲಾರಿ ಟ್ಯೂಬ್ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಹಗ್ಗಕ್ಕೆ ಕಟ್ಟಿ ಎಸೆದರೆ ಇನ್ನೂ ಒಳ್ಳೆಯದು. ಆಮೇಲೆ ದೋಣಿ. ಈಜಿ ಹೋಗುವುದು ತರಬೇತಿ ಪಡೆದವರಿಗೆ ಬಿಟ್ಟ ಕೆಲಸ. ಬಾವಿಯಲ್ಲಿ ಚೆನ್ನಾಗಿ ಈಜುವ ಹುಡುಗರು ನೆರೆಯ ಹೊಳೆಯಲ್ಲಿ ಏನೂ ಮಾಡಲಾಗದು.

ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬಿಡಿ. ಹಗ್ಗ ಬಿಗಿಯಾದಾಗ ಸೆಳೆತ ಮನುಷ್ಯನನ್ನು ನೀರಿನ ಕೆಳಗೆ ಒತ್ತುತ್ತದೆ. ಗಂಟು ಬಿಚ್ಚಲು ಆಗುವುದಿಲ್ಲ.

ತೆಪ್ಪ ನಡೆಸುವ ಅಂಬಿಗರಿಗೆ ಹೊಳೆಯ ಸುಳಿ, ಬಂಡೆ ಎಲ್ಲ ಗೊತ್ತು. ತಂಡದಲ್ಲಿ ಅವರಿರಲಿ. ತೆಪ್ಪದಲ್ಲಿ ಎಷ್ಟು ಜನ ಅಂತ ಅವರು ಹೇಳಿದ್ದೇ ಕೊನೆ ಮಾತು. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ. ಸಿಕ್ಕಿಕೊಂಡವರು ಗಟ್ಟಿ ಕಟ್ಟಡದ ಮೇಲೆ ಸುರಕ್ಷಿತವಾಗಿದ್ದರೆ ಅವಸರ ಬೇಡ, ರಕ್ಷಣಾ ತಂಡ ಬರುವವರೆಗೆ ಕಾಯಿರಿ. ಮಣ್ಣಿನ ಮಾಳಿಗೆ ಮೇಲೆ ಇದ್ದರೆ ಮಾತ್ರ ಆ ಸಮಯ ಇಲ್ಲ. 112ಕ್ಕೆ ಹೇಳುವಾಗ ಇದನ್ನು ಸ್ಪಷ್ಟವಾಗಿ ಹೇಳಿ.

ಹೆಜ್ಜೆ 6: ಕಾಳಜಿ ಕೇಂದ್ರ

ಹಿಂದೆ ಗಂಜಿ ಕೇಂದ್ರ ಅನ್ನುತ್ತಿದ್ದರು. ಈಗ ಕಾಳಜಿ ಕೇಂದ್ರ. ಜಾಗ ಆರಿಸುವಾಗ ಹಿಂದಿನ ನೆರೆಯಲ್ಲಿ ಅಲ್ಲಿಗೆ ನೀರು ಬಂದಿತ್ತಾ ಅಂತ ನೋಡಿ. ಒಬ್ಬರಿಗೆ ಸುಮಾರು 38 ಚದರ ಅಡಿ ಜಾಗ ಬೇಕು. 20 ಅಡಿ ಉದ್ದ, 20 ಅಡಿ ಅಗಲದ ಕ್ಲಾಸ್‌ರೂಮಿನಲ್ಲಿ ಹತ್ತು ಜನ ಅಂತ ಲೆಕ್ಕ ಇಟ್ಟುಕೊಳ್ಳಿ. ಕುಡಿಯಲು, ಅಡಿಗೆಗೆ, ತೊಳೆಯಲು ಸೇರಿ ದಿನಕ್ಕೆ ಒಬ್ಬರಿಗೆ 15 ಲೀಟರ್ ನೀರು. ಮೊದಲ ದಿನಗಳಲ್ಲಿ 50 ಜನಕ್ಕೆ ಒಂದಾದರೂ ಶೌಚಾಲಯ, ಹೆಂಗಸರಿಗೆ ಬೇರೆ, ಅಲ್ಲಿ ರಾತ್ರಿ ದೀಪ, ಒಳಗಿಂದ ಚಿಲಕ. ದೀಪ ಇಲ್ಲದಿದ್ದರೆ ಹೆಣ್ಣುಮಕ್ಕಳು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಸ್ಯಾನಿಟರಿ ಪ್ಯಾಡ್ ತರಿಸಿಡಿ, ಕೇಳುವವರೆಗೆ ಕಾಯಬೇಡಿ.

ಬಂದವರ ಹೆಸರನ್ನು ಬಾಗಿಲಲ್ಲೇ ಬರೆದುಕೊಳ್ಳಿ. ಮನೆ ಪಟ್ಟಿಯ ಜೊತೆ ಹೋಲಿಸಿ. ಯಾರ ಹೆಸರು ಕಾಣುತ್ತಿಲ್ಲವೋ ಅವರನ್ನು ಹುಡುಕುವುದು ಆಗಲೇ ಶುರುವಾಗಬೇಕು. ಅಡಿಗೆ ಬಿಸಿಯಾಗಿರಲಿ, ಸರಳವಾಗಿರಲಿ. ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಮಮಟ್ಟಕ್ಕೆ ಅಳೆದದ್ದು.

ಹೆಜ್ಜೆ 7: ನೀರು ಇಳಿದ ಮೇಲೆ

ನೀರು ಇಳಿಯಿತು ಅಂದರೆ ಅಪಾಯ ಮುಗಿಯಿತು ಅಂತ ಎಲ್ಲರೂ ಮನೆಗೆ ಓಡುತ್ತಾರೆ. ಮಣ್ಣಿನ ಗೋಡೆಯ ಮನೆಗಳಿಗೆ ನಿಜವಾದ ಅಪಾಯ ಆಗಲೇ ಶುರು. ನೆನೆದ ಗೋಡೆಗೆ ಹೊರಗಿನ ನೀರೇ ಆಸರೆಯಾಗಿರುತ್ತದೆ. ಅದು ಇಳಿದಾಗ ಗೋಡೆ ತನ್ನ ಭಾರಕ್ಕೇ ಕುಸಿಯುತ್ತದೆ. ನಮ್ಮ ಅತ್ತೆಯ ಮನೆಯ ಗೋಡೆ ಬಿದ್ದದ್ದು ನೀರು ಇಳಿದ ಮೂರನೇ ದಿನ, ಮಟಮಟ ಮಧ್ಯಾಹ್ನ, ಬಿಸಿಲಿನಲ್ಲಿ. ಹೊಸ ಬಿರುಕು, ಉಬ್ಬಿದ ಗೋಡೆ, ಜಗ್ಗಿದ ತೊಲೆ ಕಂಡರೆ ಒಳಗೆ ಹೋಗಬೇಡಿ. ಪಂಚಾಯಿತಿ ಎಂಜಿನಿಯರ್ ನೋಡುವವರೆಗೆ ಮಕ್ಕಳನ್ನು ಅಲ್ಲಿ ಮಲಗಿಸಬೇಡಿ.

ಒಳಗೆ ಹೋಗುವ ಮುನ್ನ ಕೋಲಿನಿಂದ ನೆಲ, ಮೂಲೆ, ಹಾಸಿಗೆ ಸುರುಳಿ ತಟ್ಟಿ ನೋಡಿ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಒಣ ಜಾಗ ಹುಡುಕಿ ಮನೆ ಸೇರಿರುತ್ತವೆ. ಕಚ್ಚಿದರೆ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ನಾಟಿ ಮದ್ದಿಗೆ ಸಮಯ ಕಳೆಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ.

ಕೆಸರು ಹಸಿ ಇರುವಾಗಲೇ ತೆಗೆಯಿರಿ, ಒಣಗಿದರೆ ಗಟ್ಟಿಯಾಗಿ ಕೂರುತ್ತದೆ. ಬರಿಗಾಲಲ್ಲಿ ಇಳಿಯಬೇಡಿ. ಕಾಲಿನ ಗಾಯದ ಮೂಲಕ ಇಲಿಜ್ವರ ಹತ್ತುತ್ತದೆ. ಕೆಸರಿನ ಕೆಲಸ ಮಾಡಿದ ಮೇಲೆ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ನೆರೆಯ ನೀರಿನಲ್ಲಿ ಓಡಾಡಿದ್ದನ್ನು ಹೇಳಲೇಬೇಕು.

ಬಾವಿಯ ನೀರನ್ನು ಮೊದಲು ಪೂರ್ತಿ ಹೊರಗೆ ಹಾಕಿ. ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್. ಸಾಮಾನ್ಯ ಲೆಕ್ಕ ಸಾವಿರ ಲೀಟರಿಗೆ 2.5 ಗ್ರಾಂ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ನೆರೆ ನುಗ್ಗಿದ ಬಾವಿಗೆ ಮೊದಲ ಸಲ ಇದಕ್ಕಿಂತ ಜಾಸ್ತಿ ಬೇಕು. ಎಷ್ಟು ಅನ್ನುವುದನ್ನು ಆರೋಗ್ಯ ಸಿಬ್ಬಂದಿ ನೀರು ಪರೀಕ್ಷಿಸಿ ಹೇಳಲಿ. ಅಲ್ಲಿಯವರೆಗೆ ಕುದಿಸಿದ ನೀರೇ ಗತಿ. ಸತ್ತ ದನಗಳನ್ನು ಬಾವಿ, ಹಳ್ಳದಿಂದ ದೂರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹೂಳುವ ಮುನ್ನ ಪಶುವೈದ್ಯರಿಗೆ ತೋರಿಸಿ, ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟ.

ಹೆಜ್ಜೆ 8: ಪರಿಹಾರದ ಕಾಗದ

ಸ್ವಚ್ಛ ಮಾಡುವ ಮೊದಲು ಫೋಟೋ ತೆಗೆಯಿರಿ. ಮನೆಯವರು ಫೋಟೋದಲ್ಲಿ ಕಾಣಲಿ, ನೀರಿನ ಗುರುತು ಕಾಣಲಿ. ಗ್ರಾಮ ಆಡಳಿತಾಧಿಕಾರಿ ಪಂಚನಾಮೆಗೆ ಬಂದಾಗ ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಪೂರ್ತಿ ಬಿದ್ದ ಮನೆಗೂ ಭಾಗಶಃ ಬಿದ್ದ ಮನೆಗೂ ಮೊತ್ತದಲ್ಲಿ ಬಹಳ ಅಂತರ ಇದೆ. ಆ ಒಂದು ಪದ ಸರಿಯಾಗಿ ಬರೆದಿದ್ದಾರಾ ನೋಡಿ.

2022ರಿಂದ 2026ರವರೆಗಿನ ಕೇಂದ್ರದ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ, ಮೇಕೆಗೆ 4,000 ಇತ್ತು. ಬೆಳೆಗೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500, ಗರಿಷ್ಠ ಎರಡು ಹೆಕ್ಟೇರ್. ರಾಜ್ಯ ಸರ್ಕಾರ ಕೆಲವೊಮ್ಮೆ ಇದರ ಮೇಲೆ ಸೇರಿಸಿ ಕೊಡುತ್ತದೆ. ಈಗಿನ ದರ ಎಷ್ಟು ಅಂತ ನಾಡಕಚೇರಿಯಲ್ಲಿ ಕೇಳಿ. ಬೆಳೆ ಪರಿಹಾರ ಬ್ಯಾಂಕ್ ಖಾತೆಗೇ ಬರುವುದರಿಂದ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಆಧಾರ್ ಜೋಡಣೆ ಮೊದಲೇ ಸರಿಮಾಡಿಸಿ. ಬೆಳೆ ವಿಮೆ ಕಟ್ಟಿದ್ದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ಈ ಗಡುವು ಬಹಳ ಜನರಿಗೆ ತಪ್ಪಿಹೋಗುತ್ತದೆ. ಕಾಳಜಿ ಕೇಂದ್ರದಲ್ಲಿ ಇರುವಾಗಲೇ ಒಬ್ಬರು ಕೂತು ಎಲ್ಲ ರೈತರ ಪರವಾಗಿ ಫೋನ್ ಮಾಡಿಸಲಿ.

ಇದೆಲ್ಲ ನಡೆಯುವಾಗಲೇ ಒಂದು ಚಿಕ್ಕ ಕೆಲಸ ಇದೆ. ಗೋಡೆಗಳ ಮೇಲೆ ಕೆಸರಿನ ಗೆರೆ ಉಳಿದಿರುತ್ತದೆ. ಮುಂದಿನ ಮಳೆಗೆ, ಇಲ್ಲವೇ ಮನೆಯವರು ಸುಣ್ಣ ಹೊಡೆದಾಗ ಅದು ಅಳಿಸಿಹೋಗುತ್ತದೆ. ಅದಕ್ಕೆ ಮುಂಚೆ ಬಣ್ಣದ ಡಬ್ಬ ಹಿಡಿದು ಶಾಲೆ, ದೇವಸ್ಥಾನ, ಪಂಚಾಯಿತಿ ಕಟ್ಟೆಯ ಮೇಲೆ ಆ ಗೆರೆಯನ್ನು ಎಳೆದು, ಪಕ್ಕದಲ್ಲಿ ದಿನಾಂಕ, ವರ್ಷ ಬರೆಯಿರಿ.